ಮನೆ ಕಂಪ್ಯೂಟರಿನ ಆರೋಗ್ಯ ಅಳೆಯುವುದು: ಮುಂಬಯಿಯ ಸೆಕೆಗೂ ಮಳೆಗೂ ತಕ್ಕಂತೆ

ಮೇ ತಿಂಗಳ ಮಧ್ಯಾಹ್ನ ಡೊಂಬಿವಲಿಯ ಫ್ಲ್ಯಾಟಿನಲ್ಲಿ ಎಸಿ ಇಲ್ಲದ ಕೋಣೆ ಸಲೀಸಾಗಿ 34 ಡಿಗ್ರಿ ಮುಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ಪುಣೆಯ ಕೋಥ್ರೂಡಿನಲ್ಲಿ ಅಂಥದೇ ಕೋಣೆ 20ರ ಆಸುಪಾಸಿನಲ್ಲಿರುತ್ತದೆ. ಕೆಲಸದ ಹೊತ್ತಿನಲ್ಲಿ ಮೊದಲನೆಯ ಮನೆಯ ಪ್ರೊಸೆಸರ್ 86 ತೋರಿಸಿ ಎರಡನೆಯದು 72 ತೋರಿಸಿದರೆ ಮೊದಲನೆಯದು ಕೆಟ್ಟಿದೆ ಎಂದು ಅರ್ಥವಲ್ಲ. ಎರಡೂ ಕೋಣೆಗಿಂತ 52 ಡಿಗ್ರಿ ಮೇಲಿವೆ, ಎರಡರಲ್ಲೂ ಪ್ರೊಸೆಸರಿನ ಬಿಸಿ ಇಳಿಸುವ ಕೂಲರ್ ಒಂದೇ ಮಟ್ಟದಲ್ಲಿ ದುಡಿಯುತ್ತಿದೆ. ತಂಪು ದೇಶದವರು ವಿಡಿಯೋಗಳಲ್ಲಿ ಹೇಳುವ "70 ದಾಟಲೇಬಾರದು" ಎಂಬ ಮಾತು ಕೇಳಿ ಹೊಸ ಕೂಲರ್ ತರುವ ಮೊದಲು ಈ ಕಳೆಯುವ ಲೆಕ್ಕ ಮಾಡಿ. ಶಾಖ, ವೇಗ, ಫ್ಯಾನು ಯಾವುದನ್ನೇ ಅಳೆದರೂ ನಿಮ್ಮದೇ ಯಂತ್ರ ಚೆನ್ನಾಗಿದ್ದಾಗ ತೋರಿಸಿದ ಅಂಕಿಯೇ ಸರಿಯಾದ ಅಳತೆಗೋಲು. ಪಕ್ಕದ ಮನೆಯ ಹುಡುಗನ ಗೇಮಿಂಗ್ ಪಿಸಿಯ ಅಂಕಿ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಚೆನ್ನಾಗಿರುವಾಗಲೇ ಬರೆದಿಡಿ

ಹಾಗಾಗಿ ಮೊದಲ ಕೆಲಸವನ್ನು ಯಂತ್ರಕ್ಕೆ ಏನೂ ಆಗಿಲ್ಲದ ದಿನವೇ ಮಾಡಬೇಕು. ಕೆಲವು ನೂರು ರೂಪಾಯಿಗೆ ಸಿಗುವ, ತೇವಾಂಶವನ್ನೂ ತೋರಿಸುವ ಡಿಜಿಟಲ್ ರೂಮ್ ಥರ್ಮಾಮೀಟರ್ ಒಂದನ್ನು ತಂದು ಕ್ಯಾಬಿನೆಟ್ಟಿನ ಮುಂಭಾಗದಲ್ಲಿ, ಗಾಳಿ ಒಳಗೆ ಹೋಗುವ ಕಡೆ ಇಡಿ. ಹಿಂದೆ ಇಟ್ಟರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬ) ಉಗುಳುವ ಬಿಸಿಗಾಳಿಯನ್ನು ಅಳೆದಂತಾಗುತ್ತದೆ. ಒಂದು ನೋಟ್‌ಬುಕ್ಕಿನಲ್ಲೋ ಎಕ್ಸೆಲ್ ಹಾಳೆಯಲ್ಲೋ ಇಷ್ಟನ್ನು ಬರೆದಿಡಿ: ದಿನಾಂಕ, ಕೋಣೆಯ ಶಾಖ, ಕಂಪ್ಯೂಟರ್ ಸುಮ್ಮನಿದ್ದು 15 ನಿಮಿಷವಾದ ಮೇಲಿನ ಪ್ರೊಸೆಸರ್ ಶಾಖ, 10 ನಿಮಿಷ ಪೂರ್ತಿ ಹೊರೆ ಕೊಟ್ಟ ಮೇಲಿನ ಶಾಖ, ಆಗಿನ ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ಬೆಂಚ್‌ಮಾರ್ಕ್ ಅಂಕ (ವೇಗದ ಪರೀಕ್ಷೆ ಕೊಡುವ ಅಂಕ), ಡಿಸ್ಕಿನ ಓದುವ ಮತ್ತು ಬರೆಯುವ ವೇಗ. ಆರು ತಿಂಗಳ ನಂತರ "ಯಾಕೋ ಸ್ಲೋ ಆಗಿದೆ" ಅನ್ನಿಸಿದಾಗ ಈ ಹಾಳೆಯನ್ನು ತೆಗೆದು ನೋಡಿದರೆ ಅನುಮಾನಕ್ಕೆ ಜಾಗವಿರುವುದಿಲ್ಲ.

ಇದಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಮನೆ ಬಳಕೆಗೆ ಪುಕ್ಕಟೆ: ಸೆನ್ಸರ್ ಓದಲು ಹೆಚ್‌ಡಬ್ಲ್ಯುಇನ್ಫೋ, ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಮತ್ತು ಕ್ರಿಸ್ಟಲ್‌ಡಿಸ್ಕ್‌ಮಾರ್ಕ್, ಪ್ರೊಸೆಸರಿಗೆ ಸಿನೆಬೆಂಚ್ ಆರ್23 ಮತ್ತು ಪ್ರೈಮ್95, ಗ್ರಾಫಿಕ್ಸ್ ಕಾರ್ಡಿಗೆ ಫರ್‌ಮಾರ್ಕ್, ರ್‍ಯಾಮಿಗೆ ಮೆಮ್‌ಟೆಸ್ಟ್86 ಪ್ಲಸ್. ಇವನ್ನು ತಯಾರಕರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಮೇಲುಗಡೆ ಬರುವ ಜಾಹೀರಾತಿನ ಕೊಂಡಿಗಳಿಂದ ಇಳಿಸಿದರೆ ಪರೀಕ್ಷೆ ಮಾಡಬೇಕಾದ ಹೊಸ ಕಾಯಿಲೆಯೊಂದನ್ನು ನೀವೇ ತಂದುಕೊಂಡಂತೆ. ಉಬುಂಟು ಬಳಸುವವರಿಗೆ ಎಲ್‌ಎಂ-ಸೆನ್ಸರ್ಸ್ ಮತ್ತು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಎರಡು ಪ್ಯಾಕೇಜುಗಳಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ.

ಟಾಸ್ಕ್ ಮ್ಯಾನೇಜರಿನ ಐದು ನಿಮಿಷ

ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ. ಕಂಪ್ಯೂಟರ್ ಎಳೆದಾಡುತ್ತಿರುವ ಹೊತ್ತಿನಲ್ಲೇ ಇದನ್ನು ನೋಡಬೇಕು, ಎಲ್ಲ ಸರಿಯಾದ ಮೇಲೆ ನೋಡಿ ಪ್ರಯೋಜನವಿಲ್ಲ. ಮೆಮರಿ 90 ಶೇಕಡ ದಾಟಿದ್ದರೆ ರ್‍ಯಾಮ್ ಸಾಲುತ್ತಿಲ್ಲ. ಕ್ರೋಮಿನ ಇಪ್ಪತ್ತು ಟ್ಯಾಬು ಮುಚ್ಚಿ ನೋಡಿ. ಡಿಸ್ಕ್ 100 ಶೇಕಡ ಎಂದು ತೋರಿಸುತ್ತಾ ಕೆಳಗೆ ಓದುವ ವೇಗ ಸೆಕೆಂಡಿಗೆ 1-2 ಎಂಬಿ ಮಾತ್ರ ಇದ್ದರೆ, ಒಂದೋ ಹಳೇ ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 10 ಅಥವಾ 11 ಓಡುತ್ತಿದೆ, ಇಲ್ಲವೇ ಡಿಸ್ಕ್ ಸಾಯುವ ದಾರಿಯಲ್ಲಿದೆ. ಮೊದಲನೆಯದಕ್ಕೆ ಎಸ್‌ಎಸ್‌ಡಿ ಹಾಕುವುದೇ ಮದ್ದು. ಎರಡನೆಯದರ ವಿಷಯ ಮುಂದೆ ಬರುತ್ತದೆ.

ಮೆಮರಿ ಪುಟದಲ್ಲೇ ಇನ್ನೆರಡು ಸಾಲು ಓದಿ. ಡಿಡಿಆರ್4 3200 ಎಂದು ಕೊಂಡ ರ್‍ಯಾಮ್ ಅಲ್ಲಿ 2133, 2400 ಅಥವಾ 2666 ಎಂದು ತೋರಿಸಿದರೆ ಅಂಗಡಿಯವನು ಮೋಸ ಮಾಡಿದ್ದಾನೆಂದು ಜಗಳಕ್ಕೆ ಹೋಗಬೇಡಿ. ಬಯೋಸಿನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಮೆಮರಿಯನ್ನು ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆನ್ ಮಾಡಿಲ್ಲ ಅಷ್ಟೇ. ಸ್ಲಾಟ್ಸ್ ಯೂಸ್ಡ್ ಎಂಬಲ್ಲಿ ಎರಡರಲ್ಲಿ ಒಂದೇ ತುಂಬಿದ್ದು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ, ಅಂಥದೇ ಇನ್ನೊಂದು ಸ್ಟಿಕ್ ಹಾಕಿದಾಗ ಗ್ರಾಫಿಕ್ಸ್ ಕೆಲಸ ಎದ್ದುಕಾಣುವಷ್ಟು ಚುರುಕಾಗುತ್ತದೆ. ಒಳಗಿನ ಗ್ರಾಫಿಕ್ಸ್ ರ್‍ಯಾಮಿನ ವೇಗವನ್ನೇ ನೆಚ್ಚಿಕೊಂಡಿರುತ್ತದೆ.

ಸೆಕೆಯ ಪರೀಕ್ಷೆ

ಕರಾವಳಿಯಲ್ಲಿ ಕಂಪ್ಯೂಟರ್ ಕೈಕೊಡುವುದಕ್ಕೆ ಶಾಖವೂ ಒಂದು ಮುಖ್ಯ ಕಾರಣವಾದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಹೆಚ್‌ಡಬ್ಲ್ಯುಇನ್ಫೋ ತೆರೆಯುವಾಗ ಸೆನ್ಸರ್ಸ್-ಓನ್ಲಿ ಎಂಬುದಕ್ಕೆ ಟಿಕ್ ಹಾಕಿ. ಉದ್ದನೆಯ ಪಟ್ಟಿಯೊಂದು ಬರುತ್ತದೆ: ಎಡಗಡೆ ಸೆನ್ಸರಿನ ಹೆಸರು, ಆಮೇಲೆ ಈಗಿನ, ಕನಿಷ್ಠ, ಗರಿಷ್ಠ, ಸರಾಸರಿ ಎಂದು ನಾಲ್ಕು ಕಂಬ. ನೂರಾರು ಸಾಲು ನೋಡಿ ಗಾಬರಿಯಾಗಬೇಡಿ. ನಮಗೆ ಬೇಕಾದವು ನಾಲ್ಕೈದೇ: ಸಿಪಿಯು ಪ್ಯಾಕೇಜ್ ಶಾಖ (ಎಎಂಡಿಯಲ್ಲಾದರೆ ಟಿಡೈ ಎಂಬ ಸಾಲು), ಕೋರ್ ಕ್ಲಾಕ್ (ಪ್ರೊಸೆಸರ್ ಓಡುತ್ತಿರುವ ವೇಗ), ಥರ್ಮಲ್ ಥ್ರಾಟ್ಲಿಂಗ್ (ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುವುದು) ಎಂಬ ಹೌದು-ಇಲ್ಲ ಸಾಲು, ಸಿಪಿಯು ಫ್ಯಾನಿನ ಆರ್‌ಪಿಎಂ, ಮತ್ತು ಪಟ್ಟಿಯ ಕೊನೆಯ ಹತ್ತಿರ ಕಾಣುವ ವಿಂಡೋಸ್ ಹಾರ್ಡ್‌ವೇರ್ ಎರರ್ಸ್. ಈ ಕೊನೆಯ ಸಾಲು ಸದಾ ಸೊನ್ನೆ ಇರಬೇಕು.

ಈಗ ಉಳಿದ ಪ್ರೋಗ್ರಾಮುಗಳನ್ನೆಲ್ಲ ಮುಚ್ಚಿ, ಸಿನೆಬೆಂಚಿನಲ್ಲಿ ಮಲ್ಟಿ ಕೋರ್ ಪರೀಕ್ಷೆ ಓಡಿಸಿ. ಆರ್23 ಆವೃತ್ತಿಯಲ್ಲಿ ಅದು ತಾನಾಗಿಯೇ 10 ನಿಮಿಷ ಓಡುತ್ತದೆ. ಈ ಹತ್ತು ನಿಮಿಷದಲ್ಲಿ ಶಾಖ ಎಲ್ಲಿಗೆ ಮುಟ್ಟಿತು ಎಂಬುದಕ್ಕಿಂತ ಹೇಗೆ ಏರಿತು ಎಂಬುದು ಹೆಚ್ಚು ಹೇಳುತ್ತದೆ.

ಪರೀಕ್ಷೆ ಶುರುವಾದ ಎರಡು-ಮೂರು ಸೆಕೆಂಡಿಗೇ ಶಾಖ 45ರಿಂದ 95ಕ್ಕೆ ಹಾರಿದರೆ, ಪ್ರೊಸೆಸರಿನ ಬಿಸಿ ಹೀಟ್‌ಸಿಂಕಿಗೆ (ಕೂಲರಿನಲ್ಲಿ ಬಿಸಿ ಹೀರುವ ರೆಕ್ಕೆರೆಕ್ಕೆಯ ಲೋಹ) ದಾಟುತ್ತಲೇ ಇಲ್ಲ. ಇವೆರಡರ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಅಥವಾ ಇಂಟೆಲ್ ಡಬ್ಬದಲ್ಲಿ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಸಡಿಲವಾಗಿ ಎದ್ದಿರಬಹುದು. ಮನೆ ಬದಲಿಸಿದ ಮೇಲೆ, ಟೆಂಪೋದಲ್ಲಿ ಕ್ಯಾಬಿನೆಟ್ ಕುಲುಕಾಡಿದ ಮೇಲೆ ಹೀಗಾಗುವುದು ಸಾಮಾನ್ಯ. ಪಿನ್ನುಗಳನ್ನು ಮೂಲೆಯಿಂದ ಎದುರು ಮೂಲೆಗೆ ಕ್ರಮವಾಗಿ ಒತ್ತಿ, ಮದರ್‌ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಕಡೆ ಕರಿ ತುದಿ ಪೂರ್ತಿ ಹೊರಬಂದಿದೆಯೇ ನೋಡಿ.

ಅದರ ಬದಲು ಶಾಖ ನಿಧಾನವಾಗಿ, ಏಳೆಂಟು ನಿಮಿಷ ತೆಗೆದುಕೊಂಡು 70ರಿಂದ 90ಕ್ಕೆ ಹತ್ತಿದರೆ ಪೇಸ್ಟಿನ ತಪ್ಪಲ್ಲ. ಕ್ಯಾಬಿನೆಟ್ಟಿನೊಳಗೆ ಗಾಳಿ ಓಡಾಡುತ್ತಿಲ್ಲ ಅಥವಾ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಕಟ್ಟಿದೆ. ಖಚಿತಪಡಿಸಿಕೊಳ್ಳಲು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಓಡಿಸಿ. ಗರಿಷ್ಠ ಶಾಖ 7-8 ಡಿಗ್ರಿ ಇಳಿದರೆ ಗಾಳಿಯದೇ ಸಮಸ್ಯೆ. ಮುಂದೆ ಒಂದು 120 ಮಿಲಿಮೀಟರ್ ಫ್ಯಾನ್ ಹಾಕಿಸಿ, ಅಥವಾ ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆಯಿರಿ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಕೂಲರಿನ ಕಡೆ ನೋಡಿ. ತಗಡು ತೆಗೆದೇ ಇಟ್ಟುಕೊಂಡು ಕಾಲ ಹಾಕುವ ಪದ್ಧತಿ ಬೇಡ. ಹಲ್ಲಿ, ಜಿರಳೆಗಳಿಗೆ ಬೆಚ್ಚನೆಯ ಮದರ್‌ಬೋರ್ಡ್ ಬಲು ಇಷ್ಟ.

ಮಿತಿ ಎಷ್ಟು? ಇಂಟೆಲಿನ ಬಹುತೇಕ ಡೆಸ್ಕ್‌ಟಾಪ್ ಪ್ರೊಸೆಸರುಗಳು 100 ಡಿಗ್ರಿಯಲ್ಲಿ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಎಎಂಡಿ ರೈಜನ್ 7000 ಸಾಲಿನ ದೊಡ್ಡ ಪ್ರೊಸೆಸರುಗಳು ಪೂರ್ತಿ ಹೊರೆಯಲ್ಲಿ 95ಕ್ಕೆ ಹೋಗಿ ನಿಲ್ಲುವಂತೆಯೇ ತಯಾರಾಗಿವೆ, ಅವನ್ನು ನೋಡಿ ಹೆದರಬೇಕಿಲ್ಲ. ಉಳಿದಂತೆ ಥ್ರಾಟ್ಲಿಂಗ್ ಸಾಲು "ಹೌದು" ಎಂದಿದ್ದು ಕ್ಲಾಕ್ ಬಿದ್ದಿದ್ದರೆ ಮಾತ್ರ ನಿಮ್ಮ ಕೆಲಸದ ವೇಗಕ್ಕೆ ಪೆಟ್ಟು. ಹಳೇ ಅಂಕಕ್ಕಿಂತ ಸಿನೆಬೆಂಚ್ ಅಂಕ 3-4 ಶೇಕಡ ಕಡಿಮೆ ಬಂದರೆ ಅದು ಸಹಜ ಏರಿಳಿತ. 10 ಶೇಕಡ ದಾಟಿದರೆ ಹುಡುಕಾಟ ಶುರುಮಾಡಿ.

ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಇದಕ್ಕಿಂತ ಕ್ರೂರ. ದಿನಬಳಕೆಯ ಯಾವ ಕೆಲಸವೂ ಪ್ರೊಸೆಸರನ್ನು ಅಷ್ಟು ಕಾಯಿಸುವುದಿಲ್ಲ. ಹೊಸದಾಗಿ ಅಸೆಂಬಲ್ ಮಾಡಿಸಿದಾಗ, ಅಥವಾ ಓವರ್‌ಕ್ಲಾಕ್ ಮಾಡಿದಾಗ (ನಿಗದಿಗಿಂತ ಹೆಚ್ಚಿನ ವೇಗಕ್ಕೆ ಏರಿಸಿದಾಗ) 30 ನಿಮಿಷ ಓಡಿಸಿ ಎಲ್ಲ ವರ್ಕರುಗಳೂ (ಲೆಕ್ಕ ಮಾಡುವ ಎಳೆಗಳು) ನಡೆಯುತ್ತಿವೆಯೇ ನೋಡಿದರೆ ಸಾಕು. ಒಂದು ವರ್ಕರ್ ತಪ್ಪು ತೋರಿಸಿ ನಿಂತರೆ ಆ ಯಂತ್ರದ ಲೆಕ್ಕ ತಪ್ಪುತ್ತಿದೆ. ಅದು ಸ್ಥಿರವಾಗಿದೆ ಎನ್ನುವಂತಿಲ್ಲ.

ಗ್ರಾಫಿಕ್ಸ್ ಕಾರ್ಡಿಗೆ ಫರ್‌ಮಾರ್ಕ್ 10 ನಿಮಿಷ. ಹಾಟ್ ಸ್ಪಾಟ್ (ಚಿಪ್ಪಿನ ಅತಿ ಬಿಸಿ ಜಾಗದ) ಶಾಖವನ್ನು ತೋರಿಸುವ ಕಾರ್ಡುಗಳಲ್ಲಿ ಅದಕ್ಕೂ ಸಾಮಾನ್ಯ ಜಿಪಿಯು ಶಾಖಕ್ಕೂ 10ರಿಂದ 20 ಡಿಗ್ರಿ ಅಂತರವಿರುವುದು ಸಹಜ. 30 ದಾಟಿದರೆ ಒಳಗಿನ ಪೇಸ್ಟ್ ಅಂಚಿಗೆ ಸರಿದಿದೆ. ವಾರಂಟಿ ಇದ್ದರೆ ಕಾರ್ಡ್ ಬಿಚ್ಚಬೇಡಿ.

ಧೂಳು, ಒಗ್ಗರಣೆ, ಉಪ್ಪುಗಾಳಿ

ಒಂದು ಕೋಣೆ-ಅಡುಗೆಮನೆಯ ಫ್ಲ್ಯಾಟುಗಳಲ್ಲಿ ಕಂಪ್ಯೂಟರಿಗೂ ಒಲೆಗೂ ನಡುವೆ ಹತ್ತು ಅಡಿ ದೂರವಿದ್ದರೆ ಹೆಚ್ಚು. ಒಗ್ಗರಣೆಯ ಎಣ್ಣೆಹೊಗೆ, ಮಳೆಗಾಲದ ತೇವ, ರಸ್ತೆಯ ಧೂಳು ಮೂರೂ ಸೇರಿ ಹೀಟ್‌ಸಿಂಕಿನ ಮೇಲೆ ಕಂದು ಬಣ್ಣದ ಅಂಟು ಪದರವಾಗುತ್ತದೆ. ಫ್ಯಾನ್ ಬಿಚ್ಚಿ ಎತ್ತಿದರೆ ಕೆಳಗೆ ರೆಕ್ಕೆಗಳ ಬಾಯಿಗೆ ಕಂಬಳಿಯಂತೆ ಹಾಸಿಕೊಂಡಿರುವುದು ಇದೇ. ಉಗುರಿನಿಂದ ಎಬ್ಬಿಸಿದರೆ ಇಡೀ ತುಂಡಾಗಿ ಏಳುತ್ತದೆ. ಬ್ಲೋಯರ್ ಊದಿದರೆ ಇದು ಜಗ್ಗುವುದಿಲ್ಲ. ಒಂದಿಂಚಿನ ಮೆದು ಪೇಂಟ್ ಬ್ರಶ್ಶಿಗೆ 99 ಶೇಕಡದ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಬ್ಲೋಯರ್ ಹಿಡಿಯಿರಿ. ಬ್ಲೋಯರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಕೂಲರ್ ಬಿಚ್ಚಿದ ಮೇಲೆ ಹಳೇ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಸಾಮಾನ್ಯ ಅಳತೆಯ ಪ್ರೊಸೆಸರಿನ ನಡುಮಧ್ಯೆ ಒಂದು ತೊಗರಿಕಾಳಿನಷ್ಟು ಸಾಕು, ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ.

ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ, ವರ್ಸೋವಾ ಇರಲಿ ಗೋವಾದ ವಾಸ್ಕೋ ಇರಲಿ, ಕಿಟಕಿಯ ಕೆಳಗೆ ಕ್ಯಾಬಿನೆಟ್ ಇಟ್ಟರೆ ಯುಎಸ್‌ಬಿ ಪೋರ್ಟುಗಳ ಲೋಹ, ಸ್ಕ್ರೂಗಳ ತಲೆ ಮೊದಲು ತುಕ್ಕು ಹಿಡಿಯುತ್ತವೆ. ಅಲ್ಲಿ ತುಕ್ಕು ಕಂಡರೆ ಒಳಗಿನ ಕನೆಕ್ಟರುಗಳನ್ನೂ ಒಮ್ಮೆ ನೋಡಿ. ಮಳೆಗಾಲದಲ್ಲಿ ತೊಂದರೆ ಓಡುತ್ತಿರುವ ಯಂತ್ರಕ್ಕಿಂತ ನಿಂತ ಯಂತ್ರಕ್ಕೇ ಹೆಚ್ಚು. ಓಡುವಾಗ ಒಳಭಾಗ ಕೋಣೆಗಿಂತ ಬಿಸಿ ಇರುವುದರಿಂದ ತೇವ ಕೂರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಅರ್ಧ ಗಂಟೆಯಾದರೂ ಕಂಪ್ಯೂಟರ್ ಓಡಿಸಿ, ಊರಿಗೆ ಹೋಗುವಾಗ ಪ್ಲಗ್ ಕಿತ್ತು ಹೋಗಿ. ರಾತ್ರಿಯಿಡೀ ಎಸಿ 18ರಲ್ಲಿ ಓಡಿಸಿ ಬೆಳಿಗ್ಗೆ ಕಿಟಕಿ ತೆರೆದರೆ ತಣ್ಣಗಿನ ಲೋಹದ ಮೇಲೆ ಹೊರಗಿನ ತೇವ ಕೂರುತ್ತದೆ. ಒಂದು ಗಂಟೆ ಬಿಟ್ಟು ಪವರ್ ಒತ್ತಿ.

ರ್‍ಯಾಮ್: ಒಂದು ತಪ್ಪೂ ಹೆಚ್ಚೇ

ನೀಲಿ ಪರದೆ ಪ್ರತಿ ಸಲ ಬೇರೆ ಬೇರೆ ಕಾರಣ ಹೇಳುತ್ತಿದ್ದರೆ, ಜಿಪ್ ಫೈಲು ಬಿಚ್ಚುವಾಗ ಅದು ಹಾಳಾಗಿದೆ ಎನ್ನುವ ಸಿಆರ್‌ಸಿ ಎರರ್ ಬರುತ್ತಿದ್ದರೆ, ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತಿದ್ದರೆ ಮೊದಲ ಅನುಮಾನ ರ್‍ಯಾಮಿನ ಮೇಲೆ. ವಿಂಡೋಸಿನೊಳಗಿನ ಮೆಮರಿ ಡಯಾಗ್ನಾಸ್ಟಿಕ್ ಬೇಗ ಮುಗಿಯುತ್ತದೆ, ಆದರೆ ಸೂಕ್ಷ್ಮ ತಪ್ಪುಗಳನ್ನು ಬಿಟ್ಟುಬಿಡುತ್ತದೆ. ಮೆಮ್‌ಟೆಸ್ಟ್86 ಪ್ಲಸ್ಸೇ ನಂಬಿಗಸ್ತ.

ಖಾಲಿ ಪೆನ್‌ಡ್ರೈವಿನಲ್ಲಿ ಅದನ್ನು ಹಾಕಿ, ಕಂಪ್ಯೂಟರ್ ಶುರುವಾಗುವಾಗ ಬೂಟ್ ಮೆನು ಕೀಲಿ ಒತ್ತಿ ಆ ಡ್ರೈವಿನಿಂದ ಬೂಟ್ ಮಾಡಿ. ಬೋರ್ಡಿನ ಮೇಲೆ ಅವಲಂಬಿಸಿ ಈ ಕೀಲಿ ಎಫ್8, ಎಫ್11 ಅಥವಾ ಎಫ್12 ಆಗಿರಬಹುದು. ಬೂಟ್ ಆಗದಿದ್ದರೆ ಬಯೋಸಿನಲ್ಲಿ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಬೇಕಾಗುತ್ತದೆ. ಆದರೆ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಇದ್ದರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀಲಿ ಕೇಳಬಹುದು. ಆ ಕೀಲಿಯನ್ನು ನಿಮ್ಮ ಮೈಕ್ರೊಸಾಫ್ಟ್ ಖಾತೆಯಿಂದ ಮೊದಲೇ ಬರೆದಿಟ್ಟುಕೊಳ್ಳದೆ ಈ ಹೆಜ್ಜೆಗೆ ಕೈ ಹಾಕಬೇಡಿ.

ಕನಿಷ್ಠ ನಾಲ್ಕು ಪಾಸ್ (ಪರೀಕ್ಷೆಯ ಪೂರ್ತಿ ಸುತ್ತು) ಓಡಲಿ. 16 ಜಿಬಿಗೆ ಹಲವು ಗಂಟೆ ಹಿಡಿಯುತ್ತದೆ, ಆದ್ದರಿಂದ ರಾತ್ರಿ ಮಲಗುವಾಗ ಶುರುಮಾಡಿ. ಬೆಳಿಗ್ಗೆ ಪರದೆಯಲ್ಲಿ ಒಂದೇ ಒಂದು ಕೆಂಪು ಸಾಲು ಇದ್ದರೂ "ಒಂದೇ ತಾನೇ" ಎಂದು ಬಿಡುವಂತಿಲ್ಲ. ಆ ಒಂದು ತಪ್ಪು ನಾಳೆ ನಿಮ್ಮ ಫೋಟೋ ಫೈಲಿನೊಳಗೆ ಹೋಗಿ ಕೂರುತ್ತದೆ. ತಪ್ಪು ಬಂದರೆ ಹೀಗೆ ಮಾಡಿ:

1. ಬಯೋಸಿನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ತಪ್ಪು ಹೋದರೆ ಸ್ಟಿಕ್ ಸಾಯಲಿಲ್ಲ, ಆ ವೇಗ ಆ ಬೋರ್ಡಿಗೆ ಒಗ್ಗುತ್ತಿಲ್ಲ.
2. ಹೋಗದಿದ್ದರೆ ಪ್ಲಗ್ ಕಿತ್ತು, ಸ್ಟಿಕ್‌ಗಳನ್ನು ತೆಗೆದು ಚಿನ್ನದ ಬಣ್ಣದ ಪಟ್ಟಿಯನ್ನು ಐಸೊಪ್ರೊಪೈಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ರಿಪೇರಿ ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವುದುಂಟು. ಕೆಲಸ ಆಗುತ್ತದೆ, ಆದರೆ ಪದೇಪದೇ ಮಾಡಿದರೆ ಚಿನ್ನದ ಲೇಪ ಸವೆಯುತ್ತದೆ, ರಬ್ಬರಿನ ಚೂರು ಸ್ಲಾಟಿನೊಳಗೆ ಬೀಳುತ್ತದೆ.
3. ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ. ತಪ್ಪು ಸ್ಟಿಕ್ಕಿನ ಜೊತೆ ಹೋದರೆ ಸ್ಟಿಕ್ ಕೆಟ್ಟಿದೆ, ಸ್ಲಾಟಿನಲ್ಲೇ ಉಳಿದರೆ ಬೋರ್ಡ್.

ಕರಾವಳಿಯ ಮಳೆಗಾಲದಲ್ಲಿ ಎರಡನೆಯ ಹೆಜ್ಜೆಯಲ್ಲೇ ಎಷ್ಟೋ ಸಲ ಕೇಸು ಮುಗಿಯುತ್ತದೆ. ಒಳ್ಳೆಯ ಕಂಪನಿಗಳ ರ್‍ಯಾಮಿಗೆ ದೀರ್ಘ ವಾರಂಟಿ ಇರುವುದರಿಂದ ಹಳೇ ಬಿಲ್ ಹುಡುಕದೆ ಹೊಸದನ್ನು ಕೊಳ್ಳಬೇಡಿ.

ಡಿಸ್ಕ್: ಮೊದಲು ಬ್ಯಾಕಪ್, ಆಮೇಲೆ ಪರೀಕ್ಷೆ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದ ಕೂಡಲೇ ನೀಲಿ ಬಣ್ಣದ "ಗುಡ್" ಕಂಡು ನೆಮ್ಮದಿಯಾಗುವವರೇ ಹೆಚ್ಚು. ಒಳಗಿನ ಸಾಲುಗಳನ್ನೂ ಓದಿ. ಅಂಕಿಗಳು ಹೆಕ್ಸ್ ರೂಪದಲ್ಲಿ (ಹದಿನಾರರ ಲೆಕ್ಕದಲ್ಲಿ) ಇರುತ್ತವೆ. ಫಂಕ್ಷನ್ ಮೆನುವಿನಲ್ಲಿ ಅಡ್ವಾನ್ಸ್ಡ್ ಫೀಚರಿಗೆ ಹೋಗಿ ರಾ ವ್ಯಾಲ್ಯೂಸ್ ಎಂಬಲ್ಲಿ ದಶಮಾಂಶ ಆರಿಸಿದರೆ ನಮಗೆ ಗೊತ್ತಿರುವ ಅಂಕಿಗಳಾಗುತ್ತವೆ.

ಹಾರ್ಡ್ ಡಿಸ್ಕಿನಲ್ಲಿ ನಾಲ್ಕು ಸಾಲು ಮುಖ್ಯ. 05 ಎಂದರೆ ಕೆಟ್ಟ ಸೆಕ್ಟರುಗಳನ್ನು (ಡಿಸ್ಕಿನ ಸಣ್ಣ ಸಣ್ಣ ಖಾನೆಗಳು) ಬಿಟ್ಟು ಬದಲಿ ಜಾಗ ಕೊಟ್ಟ ಲೆಕ್ಕ. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದು ಕೂತಿರುವ ಸೆಕ್ಟರುಗಳು. ಸಿ6 ಎಂದರೆ ಸರಿಪಡಿಸಲಾಗದವು. ಈ ಮೂರೂ ಸೊನ್ನೆ ಇರಬೇಕು. 05ರಲ್ಲಿ ಒಂದು ಸಣ್ಣ ಅಂಕಿ ವರ್ಷಗಟ್ಟಲೆ ಹಾಗೇ ನಿಂತಿದ್ದರೆ ಅಷ್ಟೇನೂ ಭಯವಿಲ್ಲ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕಿನಲ್ಲಿ ಮಕ್ಕಳ ಫೋಟೋ ಇಡುವ ಕಾಲ ಮುಗಿಯಿತು. ನಾಲ್ಕನೆಯದು ಸಿ7, ಇದು ಏರಿದರೆ ಡಿಸ್ಕಿನ ತಪ್ಪಿಲ್ಲದಿರಬಹುದು: ಡಿಸ್ಕನ್ನು ಬೋರ್ಡಿಗೆ ಸೇರಿಸುವ ಸಾಟಾ ಕೇಬಲ್ ಸಡಿಲ ಅಥವಾ ಹಾಳು. ಹೊಸ ಕೇಬಲ್ ಹಾಕಿ. ಹಳೇ ಅಂಕಿ ಅಳಿಯುವುದಿಲ್ಲ, ಆದರೆ ಮುಂದೆ ಏರಬಾರದು.

ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿಯಲ್ಲಿ ಪರ್ಸೆಂಟೇಜ್ ಯೂಸ್ಡ್ (ಸವೆದ ಆಯುಷ್ಯ), ಅವೇಲಬಲ್ ಸ್ಪೇರ್ (ಉಳಿದ ಬದಲಿ ಜಾಗ), ಮೀಡಿಯಾ ಎರರ್ಸ್ (ಓದು-ಬರಹದ ತಪ್ಪು) ಮೂರನ್ನೇ ನೋಡಿದರೆ ಸಾಕು. ಕೊನೆಯದು ಸೊನ್ನೆ ಇರಬೇಕು. ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಳ್ಳುವಾಗ, ಅಥವಾ "ಹೊಸದು" ಎಂದು ಅಗ್ಗಕ್ಕೆ ಕೊಡುತ್ತಿರುವಾಗ, ಪವರ್ ಆನ್ ಅವರ್ಸ್ ನೋಡಿ. 8,000 ಗಂಟೆ ಓಡಿದ ಹೊಸ ಡಿಸ್ಕ್ ಎಂಬುದು ಇಲ್ಲ. ಫುಟ್‌ಪಾತಿನಲ್ಲಿ ಸಿಗುವ ಒಂದು ಟಿಬಿ ಪೆನ್‌ಡ್ರೈವುಗಳಿಗೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಟ್ಟ ಪ್ರೋಗ್ರಾಮ್ ಇದೆ. ಡ್ರೈವನ್ನು ಪೂರ್ತಿ ತುಂಬಿಸಿ ಮತ್ತೆ ಓದಿ, ನಿಜವಾದ ಜಾಗವೆಷ್ಟು ಎಂದು ಮುಲಾಜಿಲ್ಲದೆ ಹೇಳುತ್ತದೆ.

ವೇಗಕ್ಕೆ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್ ಓಡಿಸಿದಾಗ ಮೊದಲ ಸಾಲಿನಲ್ಲಿ ಓದುವ ವೇಗ ಸುಮಾರು ಹೀಗಿರಬೇಕು: ಹಾರ್ಡ್ ಡಿಸ್ಕಿಗೆ ಸೆಕೆಂಡಿಗೆ 100ರಿಂದ 200 ಎಂಬಿ, ಸಾಟಾ ಎಸ್‌ಎಸ್‌ಡಿಗೆ 500-550, ಮೂರನೇ ಪೀಳಿಗೆಯ ಎನ್‌ವಿಎಂಇಗೆ 3,500ರವರೆಗೆ, ನಾಲ್ಕನೆಯದಕ್ಕೆ 7,000ದವರೆಗೆ. ನಾಲ್ಕನೇ ಪೀಳಿಗೆಯದನ್ನು ಹಳೇ ಬೋರ್ಡಿನಲ್ಲಿ ಹಾಕಿದರೆ 3,500ಕ್ಕೇ ನಿಲ್ಲುತ್ತದೆ, ತಪ್ಪೇನಿಲ್ಲ. ಎಸ್‌ಎಸ್‌ಡಿ 90 ಶೇಕಡ ತುಂಬಿದ್ದರೆ ಬರೆಯುವ ವೇಗ ಕುಸಿಯುತ್ತದೆ. ಜಾಗ ಖಾಲಿ ಮಾಡಿ ಮತ್ತೆ ಅಳೆಯಿರಿ. ಈ ಪರೀಕ್ಷೆ ಡಿಸ್ಕಿಗೆ ಬರೆಯುವುದರಿಂದ ಸುಮ್ಮಸುಮ್ಮನೆ ದಿನವೂ ಓಡಿಸಬೇಡಿ.

ಸಿ5 ಏರಿದ ಡಿಸ್ಕಿನ ಮೇಲೆ ವಿಂಡೋಸಿನ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಓಡಿಸುವುದು ಹಲವರ ಮೊದಲ ಪ್ರತಿಕ್ರಿಯೆ. ಅದು ಇಡೀ ಡಿಸ್ಕನ್ನು ತಡಕಾಡುತ್ತದೆ. ಕೊನೆಯುಸಿರಿನಲ್ಲಿರುವ ಡಿಸ್ಕ್ ಆ ಹೊಡೆತಕ್ಕೇ ನಿಂತುಬಿಡಬಹುದು. ಮೊದಲು ಮುಖ್ಯ ಫೈಲುಗಳನ್ನು ಹೊರತೆಗೆದು, ಆಮೇಲೆ ಏನು ಬೇಕಾದರೂ ಮಾಡಿ.

ಕರೆಂಟು, ಅರ್ಥಿಂಗ್, ಯುಪಿಎಸ್

ಕ್ಯಾಬಿನೆಟ್ ಮುಟ್ಟಿದಾಗ ಕೈಗೆ ಜುಮ್ ಎಂದರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬಹುಪಾಲು ಸಂದರ್ಭದಲ್ಲಿ ಗೋಡೆಯ ಪಾಯಿಂಟಿನಲ್ಲಿ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್‌ನೊಳಗಿನ ಫಿಲ್ಟರ್ ಕೆಪಾಸಿಟರುಗಳು ಸೋರಿಕೆಯ ಸಣ್ಣ ಕರೆಂಟನ್ನು ಅರ್ಥಿಗೆ ಹರಿಸಬೇಕು, ದಾರಿ ಸಿಗದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಹಳೇ ಚಾಳುಗಳಲ್ಲಿ ಎರಡು ಪಿನ್ನಿನ ಪಾಯಿಂಟಿಗೆ ಅಡಾಪ್ಟರ್ ಸಿಕ್ಕಿಸಿ ಓಡಿಸಿದಾಗ ಹೀಗಾಗುತ್ತದೆ. ಇಲೆಕ್ಟ್ರಿಷಿಯನ್‌ನನ್ನು ಕರೆದು ಮಲ್ಟಿಮೀಟರಿನಲ್ಲಿ ನೋಡಿಸಿ: ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟಿನ ಆಸುಪಾಸು, ಫೇಸ್-ಅರ್ಥ್ ನಡುವೆಯೂ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟ್ ಒಳಗೆ ಇರಬೇಕು.

ಗೇಮ್ ಆಡುವಾಗ, ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ನೀಲಿ ಪರದೆಯೂ ಬರದೆ ಪಟ್ಟನೆ ಆಫ್ ಆದರೆ ಇವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗಿನಲ್ಲಿ ಕರ್ನಲ್-ಪವರ್ 41 ಹುಡುಕಿ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಪರದೆಯ ಕಾರಣದ ಅಂಕಿ) ಸೊನ್ನೆ ಇದ್ದರೆ ವಿಂಡೋಸಿಗೆ ಕಾರಣ ಬರೆಯುವಷ್ಟೂ ಸಮಯ ಸಿಗಲಿಲ್ಲ, ಅಂದರೆ ಕರೆಂಟೇ ಹೋಯಿತು ಅಥವಾ ಯಂತ್ರ ಪೂರ್ತಿ ಹೆಪ್ಪುಗಟ್ಟಿತು. ಅದೇ ಲಾಗಿನಲ್ಲಿ ವೀಯಾ-ಲಾಗರ್ (WHEA-Logger) 18 ಕಂಡರೆ ಪ್ರೊಸೆಸರ್ ಅಥವಾ ಅದರ ವೋಲ್ಟೇಜ್, ಡಿಸ್ಕ್ 7 ಕಂಡರೆ ಕೆಟ್ಟ ಬ್ಲಾಕ್, 153 ಕಂಡರೆ ಡಿಸ್ಕಿನ ಉತ್ತರಕ್ಕೆ ಕಾದು ಮತ್ತೆ ಪ್ರಯತ್ನಿಸಿದ ಗುರುತು.

ಎಸ್‌ಎಂಪಿಎಸ್‌ನ ವೋಲ್ಟೇಜ್ 5 ಶೇಕಡ ಆಚೀಚೆ ಇರಬಹುದು: 12 ವೋಲ್ಟ್ ಸಾಲು 11.4ರಿಂದ 12.6, 5 ವೋಲ್ಟ್ ಸಾಲು 4.75ರಿಂದ 5.25. ತಂತ್ರಾಂಶ ತೋರಿಸುವ ಅಂಕಿಯನ್ನು ಪೂರ್ತಿ ನಂಬಬೇಡಿ. ಅಗ್ಗದ ಬೋರ್ಡುಗಳು 12 ವೋಲ್ಟನ್ನು 8 ಎಂದೂ ತೋರಿಸುತ್ತವೆ, ನಿಜವಾಗಿ 8 ಆಗಿದ್ದರೆ ಆ ಪರದೆಯೇ ಬೆಳಗುತ್ತಿರಲಿಲ್ಲ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಖಾಲಿ ಬಿಟ್ಟಿರುವ ನಾಲ್ಕು ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಕರಿ ತಂತಿಗೆ ಕರಿ ಮೊನೆ, ಹಳದಿಗೆ ಕೆಂಪು ಮೊನೆ ಹಿಡಿದು 12 ಓದಿ. ಕೆಂಪು ತಂತಿಯಲ್ಲಿ 5 ಸಿಗಬೇಕು. ಸುಮ್ಮನಿದ್ದಾಗ ಒಮ್ಮೆ, ಪ್ರೈಮ್95 ಮತ್ತು ಫರ್‌ಮಾರ್ಕ್ ಎರಡನ್ನೂ ಒಟ್ಟಿಗೆ ಐದು ನಿಮಿಷ ಓಡಿಸುತ್ತಾ ಇನ್ನೊಮ್ಮೆ ಓದಿ. ಹೊರೆ ಬಿದ್ದಾಗ 12.1 ಇದ್ದದ್ದು 11.3ಕ್ಕೆ ಇಳಿದರೆ ಎಸ್‌ಎಂಪಿಎಸ್ ಬದಲಿಸಿ. ಮೊನೆ ಜಾರಿ ಎರಡು ಪಿನ್ ಒಟ್ಟಿಗೆ ಮುಟ್ಟಬಾರದು, ಮತ್ತು ಎಸ್‌ಎಂಪಿಎಸ್ ಡಬ್ಬವನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ.

ಮಳೆಗಾಲ ಶುರುವಾಗುವ ಮೊದಲು ಯುಪಿಎಸ್ ಪರೀಕ್ಷಿಸಿ. ಫೈಲುಗಳನ್ನೆಲ್ಲ ಉಳಿಸಿ, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗ ಗೋಡೆಯ ಸ್ವಿಚ್ ಆಫ್ ಮಾಡಿ. ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥಿಂಗ್ ಕೂಡ ಹೋಗುತ್ತದೆ. ಕಂಪ್ಯೂಟರ್ ಎಷ್ಟು ನಿಮಿಷ ನಿಲ್ಲುತ್ತದೆ ಬರೆದಿಡಿ. ಮನೆಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಅದರ 12 ವೋಲ್ಟ್ 7 ಎಎಚ್ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸುಸ್ತಾಗುತ್ತದೆ. ಹಿಂದೆ ಹತ್ತು ನಿಮಿಷ ನಿಲ್ಲುತ್ತಿದ್ದದ್ದು ಈಗ ಎರಡು ನಿಮಿಷವಾದರೆ ಬ್ಯಾಟರಿ ಮಾತ್ರ ಬದಲಿಸಿದರೆ ಸಾಕು. ಯುಪಿಎಸ್ ಕೂಗುತ್ತಿದೆ, ಬ್ಯಾಟರಿ ಹೊಸದು, ಆದರೂ ಕರೆಂಟ್ ಹೋದ ಕ್ಷಣವೇ ಪಿಸಿ ಆಫ್ ಆಗುತ್ತದೆಯೇ? ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಗ್ಗದ ಯುಪಿಎಸ್ ಕೊಡುವ ಚೌಕ ಅಲೆಯನ್ನು ಒಪ್ಪುವುದಿಲ್ಲ. ಅದಕ್ಕೆ ಗೋಡೆಯ ಕರೆಂಟಿನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಯುಪಿಎಸ್ಸೇ ಬೇಕು.

ಕಣ್ಣಿಟ್ಟಿರುವುದು

ವರ್ಷಕ್ಕೆ ಮೂರು ಸಲ ಪೂರ್ತಿ ಅಳೆದರೆ ಸಾಕು: ಮೇ ಕೊನೆಗೆ, ಅಕ್ಟೋಬರಿನಲ್ಲಿ, ಜನವರಿಯಲ್ಲಿ. ಮುಂಬಯಿಯವರು ಅಕ್ಟೋಬರ್ ಹೀಟ್ ಎಂದು ಗೊಣಗುವ ಆ ದಿನಗಳಲ್ಲಿ ಅಳೆದರೆ ಮಳೆಗಾಲ ಬಿಟ್ಟುಹೋದ ಅಂಟುಧೂಳೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಲ ಕೋಣೆಯ ಶಾಖ ಕಳೆದು ಉಳಿದ ಅಂಕಿಯನ್ನೇ ಹೋಲಿಸಿ. 52 ಇದ್ದ ವ್ಯತ್ಯಾಸ 60 ಆದರೆ ಶುಚಿ ಮಾಡುವ ಸಮಯ. ತಿಂಗಳಿಗೊಮ್ಮೆ ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿ ರಿಲಯಬಿಲಿಟಿ ಹಿಸ್ಟರಿ ತೆರೆಯಿರಿ, ಕೆಂಪು ಗುರುತು ಯಾವ ದಿನದಿಂದ ಶುರುವಾಯಿತು ಎಂದು ತಿಳಿದರೆ ಆ ದಿನ ಏನು ಬದಲಿಸಿದಿರಿ ಎಂದು ನೆನಪಾಗುತ್ತದೆ.

ಬಿಟ್ಟುಬಿಟ್ಟು ಕಾಡುವ ತೊಂದರೆಗೆ ಹೆಚ್‌ಡಬ್ಲ್ಯುಇನ್ಫೋದ ಕೆಳಗಿನ ಸಾಲಿನಲ್ಲಿರುವ ಲಾಗಿಂಗ್ ಗುಂಡಿ ಒತ್ತಿ ಬಿಡಿ. ಎರಡು ಸೆಕೆಂಡಿಗೊಮ್ಮೆ ಎಲ್ಲ ಸೆನ್ಸರನ್ನೂ ಸಿಎಸ್‌ವಿ ಫೈಲಿಗೆ ಬರೆಯುತ್ತದೆ. ಕಂಪ್ಯೂಟರ್ ಸತ್ತ ಮೇಲೆ ಫೈಲಿನ ಕೊನೆಯ ಇಪ್ಪತ್ತು ಸಾಲು ನೋಡಿ: ಶಾಖ ಏರಿತ್ತೇ, 12 ವೋಲ್ಟ್ ಕುಸಿದಿತ್ತೇ, ಫ್ಯಾನ್ ಸೊನ್ನೆಗೆ ಬಂದಿತ್ತೇ. ಲ್ಯಾಪ್‌ಟಾಪ್ ಇರುವವರು ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿಯ ಬ್ಯಾಟರಿ ರಿಪೋರ್ಟ್ ತೆಗೆದು ಡಿಸೈನ್ ಕೆಪಾಸಿಟಿಗೂ ಫುಲ್ ಚಾರ್ಜ್ ಕೆಪಾಸಿಟಿಗೂ ಹೋಲಿಸಿ ನೋಡಬಹುದು, ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಮುಗಿಯುತ್ತಾ ಬಂದಿದೆ.

ಅಂಗಡಿಗೆ ಒಯ್ಯುವುದೇ ಆದರೆ

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಲ್ಯಾಮಿಂಗ್ಟನ್ ರೋಡಿಗೇ ಹೋಗಿ, ನಿಮ್ಮ ಬೀದಿಯ ರಿಪೇರಿಯವನ ಬಳಿಗೇ ಹೋಗಿ, "ಸ್ಲೋ ಆಗಿದೆ, ನೋಡಿ" ಎಂದರೆ ಮೊದಲು ಫಾರ್ಮ್ಯಾಟ್ ಮಾಡಿ ಕೊಡುತ್ತಾರೆ. ಸಿ5ರ ಸ್ಕ್ರೀನ್‌ಶಾಟೋ ಮೆಮ್‌ಟೆಸ್ಟಿನ ಕೆಂಪು ಸಾಲಿನ ಫೋಟೋವೋ ಮೊಬೈಲಿನಲ್ಲಿದ್ದರೆ ಮಾತು ನೇರವಾಗಿ ಆ ಬಿಡಿಭಾಗಕ್ಕೆ ಬರುತ್ತದೆ, ವಾರಂಟಿ ಕೇಳುವಾಗಲೂ ಅದೇ ಪುರಾವೆ. ಕ್ಯಾಬಿನೆಟ್ಟನ್ನು ಅಲ್ಲೇ ಬಿಟ್ಟು ಬರುವುದಾದರೆ ರ್‍ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡಿನ ಸೀರಿಯಲ್ ನಂಬರುಗಳ ಫೋಟೋ ತೆಗೆದಿಟ್ಟು, ರಸೀದಿಯ ಮೇಲೆ ಬರೆಸಿಕೊಳ್ಳಿ. ತೊಂದರೆ ಡಿಸ್ಕಿನದಲ್ಲದಿದ್ದರೆ ಡಿಸ್ಕನ್ನು ಬಿಚ್ಚಿ ಮನೆಯಲ್ಲೇ ಇಟ್ಟು ಹೋಗಿ. ರಿಪೇರಿಯಾದ ಮೇಲೆ ಅಲ್ಲಿಯೇ ಹತ್ತು ನಿಮಿಷ ಸಿನೆಬೆಂಚ್ ಓಡಿಸಲು ಹೇಳಿ, ಅಂಗಡಿಯ ಎಸಿ ಎಷ್ಟಕ್ಕಿದೆ ಎಂದೂ ನೋಡಿಕೊಳ್ಳಿ.